ಕುಕ್ಕುವ ಹೇಂಟೆ, ಕುಕ್ಕದ ಅಮ್ಮ

ನಮ್ಮ ಹೇಂಟೆಗೆ ಹುಚ್ಚು ಹಿಡಿದಿತ್ತು ಎಂದು ಎಲ್ಲರೂ ಹೇಳುತ್ತಾರೆ. ಬೀದಿಯವರು ಹೇಳುತ್ತಾರೆ, ಎದುರುಮನೆಯ ಅಜ್ಜಿ ಕೈ ತಿರುವಿ ತಿರುವಿ ಹೇಳುತ್ತದೆ. ಅಮ್ಮನಂತೂ ಬಸ್ಸಿನಲ್ಲಿ ಟಿಕೆಟ್ ಮಿಷಿನ್ ಒತ್ತುತ್ತಲೇ ಹೇಳಿ ಹೇಳಿ, ಹೊಳೆನರಸೀಪುರದ ನಮ್ಮ ಹಿತ್ತಲಲ್ಲಿ ಹುಟ್ಟಿದ ಈ ಕಥೆ ಹಾಸನ ದಾಟಿ ಅರಕಲಗೂಡಿನ ತನಕ ಹೋಗಿದೆ. ದೂರ ಹೋದಷ್ಟೂ ಹೇಂಟೆ ದೊಡ್ಡದಾಗುತ್ತಿದೆ. ಮೊನ್ನೆ ಮೊಸಳೆ ಎಂಬ ಊರಿನಲ್ಲಿ ಬಸ್ ಹತ್ತಿದ ಹೆಂಗಸೊಬ್ಬರು, ಯಾರದೋ ಮನೆಯ ಕೋಳಿ ತನ್ನ ಮರಿಗಳನ್ನೇ ತಿಂದುಹಾಕಿತಂತೆ ಎಂದು ನನಗೇ ಹೇಳಿದರು.

"ತಿನ್ನಲಿಲ್ಲ ಆಂಟಿ, ಕುಕ್ಕಿತು ಅಷ್ಟೆ" ಎಂದೆ.

"ನೀನೇನ್ ನೋಡಿದ್ಯಾ?"

ನೋಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಪ್ರಕರಣದಲ್ಲಿ ನಾನು ಹೇಂಟೆಯ ಪರ. ಅದಕ್ಕೆ ಹುಚ್ಚು ಹಿಡಿದಿರಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅದೊಂದಕ್ಕೇ ಎಂಬುದು ನನ್ನ ವಾದ. ಮತ್ತೆ, ಇದನ್ನು ನನಗೆ ತೋರಿಸಿಕೊಟ್ಟದ್ದು ಒಂದು ಕವಿತೆ. ಆ ಕವಿತೆಯನ್ನು ಹರಿದುಹಾಕಬೇಕೆಂದೇ ನಾನು ಕೈಗೆತ್ತಿಕೊಂಡಿದ್ದೆ.

ನಾನು ಹಾಸನದಲ್ಲಿ ಕಾನೂನು ಓದುತ್ತಿದ್ದೇನೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾರಾದರೂ ಏನಾದರೂ ಹೇಳಿದರೆ ಮೊದಲು "ಅಲ್ಲ" ಎಂದು ಬಾಯಿಗೆ ಬರುತ್ತದೆ. ಕಾರಣ ಆಮೇಲೆ ಹುಡುಕುತ್ತೇನೆ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿದ್ದ ಕಾಲ ಅದು. ಮಕ್ಕಳಿಗೆ ಮೊಬೈಲ್ ಬೇಕೇ ಬೇಕೆಂದು ಒಂದು ಕಡೆ, ಬೇಡವೇ ಬೇಡವೆಂದು ಇನ್ನೊಂದು ಕಡೆ ಮಾತಾಡಿ ಎರಡೂ ಕಡೆ ಸ್ಟೀಲ್ ಲೋಟ ಗೆದ್ದಿದ್ದೇನೆ. ನಮ್ಮ ಮನೆಯಲ್ಲಿ ಇರುವ ಲೋಟಗಳೆಲ್ಲ ಬಹುಮಾನದವೇ. "ಈ ಮನೇಲಿ ನೀರ್ ಕುಡಿಯೋದೂ ನಿನ್ ಬಾಯಿಂದ್ಲೇ ಕಣೆ" ಎಂದು ಅಮ್ಮ ಬಂದವರ ಮುಂದೆ ಹೇಳುತ್ತಾಳೆ. ಅದು ಹೊಗಳಿಕೆಯೋ ಅಲ್ಲವೋ ಇವತ್ತಿಗೂ ತೀರ್ಮಾನವಾಗಿಲ್ಲ.

ಅಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್. ಅಪ್ಪ ಡ್ರೈವರ್ ಆಗಿದ್ದರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವರು ತೀರಿಕೊಂಡರು, ಅನುಕಂಪದ ಮೇಲೆ ಅಮ್ಮನಿಗೆ ಕೆಲಸ ಸಿಕ್ಕಿತು. ಬೆಳಗ್ಗೆ ಅವಳ ಬಸ್ಸಿನಲ್ಲೇ ಹಾಸನಕ್ಕೆ ಹೋಗುತ್ತೇನೆ. ಹೆಂಗಸರಿಗೆ ಈಗ ಕಾಸಿಲ್ಲದ ಟಿಕೆಟ್, ಆಧಾರ್ ತೋರಿಸಿದರೆ ಸಾಕು. ಅಮ್ಮ ದಿನಾ ನನ್ನ ಮುಂದೆ ಬಂದು ನಿಂತು, ಯಾರೋ ಗುರುತಿಲ್ಲದವರ ಹತ್ತಿರ ಮಾತಾಡುವಂತೆ, "ಆಧಾರ್ ತೋರ್ಸಮ್ಮ" ಎನ್ನುತ್ತಾಳೆ.

"ಅಮ್ಮಾ, ನೀನೇ ಹೆತ್ತಿದ್ದು."

"ಎತ್ತಿದ್ದಕ್ಕೆ ಮಿಷಿನ್ನಲ್ಲಿ ಬಟನ್ ಇಲ್ಲ ಕಣಮ್ಮ. ತೋರ್ಸು."

ಈ ಬಸ್ಸಿನಲ್ಲೇ ಮೊದಲ ಸಲ ಆ ಕವಿತೆಯನ್ನು ಓದಿದ್ದು. ಹಾಸನದಲ್ಲಿ ನಮ್ಮ ಕನ್ನಡ ಮೇಷ್ಟ್ರು ಮತ್ತು ಅವರ ಗೆಳೆಯರು ತಿಂಗಳಿಗೊಮ್ಮೆ ಶಾಲೆಯೊಂದರ ಹಾಲಿನಲ್ಲಿ ಸೇರುತ್ತಾರೆ. ಒಂದು ಕವಿತೆ, ಅದರ ಬಗ್ಗೆ ಒಬ್ಬರ ಮಾತು, ಆಮೇಲೆ ಕಾಫಿ, ಕಾಫಿಗಿಂತ ಬಿಸಿಯಾದ ಚರ್ಚೆ. "ಎಲ್ಲಾರೂ ಹೊಗಳಿ ಹೊಗಳಿ ಸಪ್ಪೆಯಾಗೋಗಿದೆ. ಈ ಸಲ ನೀನು ಮಾತಾಡು, ಸ್ವಲ್ಪ ಉಪ್ಪು ಖಾರ ಬೀಳಲಿ" ಎಂದು ಮೇಷ್ಟ್ರು ಕವಿತೆಯ ಜೆರಾಕ್ಸ್ ಕೈಗಿಟ್ಟರು. ಬರೆದವನು ಅರಕಲಗೂಡಿನ ಕಡೆಯ ಹುಡುಗ, ನನಗಿಂತ ಐದಾರು ವರ್ಷಕ್ಕೆ ದೊಡ್ಡವನು ಇರಬಹುದು. ಅವತ್ತು ಅವನೂ ಬರುತ್ತಾನೆ ಎಂದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಆರೋಪಿ ಹಾಜರಿದ್ದರೆ ವಿಚಾರಣೆ ಚೆನ್ನಾಗಿ ನಡೆಯುತ್ತದೆ.

ಕವಿತೆ ಎರಡು ಪುಟದ್ದು. ಸಾಲುಗಳನ್ನು ಎತ್ತಿ ಹೇಳದೆ ನನ್ನ ಮಾತಿನಲ್ಲೇ ಹೇಳುತ್ತೇನೆ. ಒಂದು ಹೇಂಟೆ. ಮಳೆ ಬಂದರೆ ಮರಿಗಳೆಲ್ಲ ಅದರ ರೆಕ್ಕೆಯ ಕೆಳಗೆ. ಹೊರಗೆ ಕಾಣುವುದು ಕಾಲುಗಳು ಮಾತ್ರ, ಒಂದು ಕೋಳಿಗೆ ಇಷ್ಟೊಂದು ಕಾಲು ಎಲ್ಲಿಂದ ಬಂದವು ಅನ್ನಿಸುವಂತೆ. ತಿಪ್ಪೆ ಕೆದಕಿ ಹುಳ ಸಿಕ್ಕಿದರೆ ತಾನು ತಿನ್ನುವುದಿಲ್ಲ, ಕೊಕ್ಕಿನಲ್ಲಿ ಎತ್ತಿ ಕೆಳಗಿಟ್ಟು ಮರಿಗಳನ್ನು ಕರೆಯುತ್ತದೆ. ಹೀಗೆ ನಡೆಯುತ್ತಾ ಒಂದು ಬೆಳಗ್ಗೆ ಅದೇ ಕೊಕ್ಕು ಹತ್ತಿರ ಬಂದ ಮರಿಯ ನೆತ್ತಿಗೆ ಕುಕ್ಕುತ್ತದೆ. ಮರಿ ಎರಡು ಮಾರು ಓಡಿ ನಿಂತು, ಇದು ತನ್ನ ಅಮ್ಮನೇ ಹೌದೋ ಅಲ್ಲವೋ ಎಂದು ತಲೆ ವಾರೆ ಮಾಡಿ ನೋಡುತ್ತದೆ. ಸಂಜೆಯ ಹೊತ್ತಿಗೆ ತಾನೇ ತಿಪ್ಪೆ ಕೆದಕುತ್ತಿರುತ್ತದೆ. ಅಲ್ಲಿಂದ ಕವಿತೆ ಸರಕ್ಕನೆ ಒಂದು ಬಾಡಿಗೆ ಮನೆಗೆ ಬರುತ್ತದೆ. ಮೂವತ್ತು ದಾಟಿದ ಒಬ್ಬ ಗಂಡಸು ಒಲೆಯ ಮುಂದೆ ನಿಂತು, ಉಪ್ಪಿಟ್ಟಿಗೆ ಉಪ್ಪು ಎಷ್ಟು ಹಾಕಬೇಕೆಂದು ಅಮ್ಮನಿಗೆ ಫೋನ್ ಮಾಡುತ್ತಿದ್ದಾನೆ. ನನಗೆ ಆ ಬೆಳಗ್ಗೆ ಬರಲೇ ಇಲ್ಲ, ನಾನು ದೊಡ್ಡವನಾದದ್ದು ಯಾವತ್ತೆಂದು ಯಾರೂ ನೆತ್ತಿಗೆ ಕುಕ್ಕಿ ಹೇಳಲಿಲ್ಲ ಎಂದುಕೊಳ್ಳುತ್ತಾನೆ. ಉಪ್ಪಿಟ್ಟು ತಳ ಹತ್ತುವಲ್ಲಿಗೆ ಕವಿತೆ ನಿಲ್ಲುತ್ತದೆ.

ನಡುವೆ, ಕುಕ್ಕುವುದಕ್ಕೂ ಮೊದಲು, ಒಂದು ಪುಟ್ಟ ಸಾಲು ಇತ್ತು. ಹೇಂಟೆಯ ಜುಟ್ಟು ಕೆಂಪಾಗಿತ್ತು ಎಂದು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ "ಭರ್ತಿಗೆ" ಎಂದು ಬರೆದಿದ್ದೆ.

ಪ್ರಾಣಿಗಳನ್ನು ಸಾಕ್ಷಿಗೆ ಕರೆಯುವ ಕವಿತೆ ಎಂದರೆ ನನಗೆ ಮೊದಲೇ ಅನುಮಾನ. ಕಟಕಟೆಗೆ ಬರುವುದು ಕವಿಗೆ ಬೇಕಾದ ಪ್ರಾಣಿ ಮಾತ್ರ. ಹೇಂಟೆ ಬಂತು ಸರಿ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ತಿರುಗಿ ನೋಡದೆ ಹೋಗುವ ಕೋಗಿಲೆ ಯಾಕೆ ಬರಲಿಲ್ಲ? ಅದು ಬಂದಿದ್ದರೆ ಈ ಕವಿತೆ ಎಲ್ಲಿ ನಿಲ್ಲುತ್ತಿತ್ತು? ಪ್ರಾಣಿಗೆ ಬಾಯಿಲ್ಲ, ಪಾಟೀಸವಾಲು ಮಾಡುವ ಹಾಗಿಲ್ಲ. ಅದಕ್ಕೇ ಅದು ಒಳ್ಳೆಯ ಸಾಕ್ಷಿ. ಇದೆಲ್ಲವನ್ನೂ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. ಅಮ್ಮ ಬಂದು ಪಕ್ಕದ ಕಂಬಿಗೆ ಒರಗಿದಳು.

"ಏನೇ ಅದು, ಮಂತ್ರ ಯೋಳ್ದಂಗೆ?"

ಓದಿ ಹೇಳಿದೆ. ನಾಲ್ಕು ಸಾಲು ಓದುವಷ್ಟರಲ್ಲಿ ಸ್ಟಾಪು. ಅಮ್ಮ ಹೋಗಿ, ಟಿಕೆಟ್ ಕೊಟ್ಟು, ಚಿಲ್ಲರೆಗೆ ಜಗಳ ಆಡಿ, ವಾಪಸ್ ಬಂದು, "ಊಂ, ಮಳೆ ಬಂತು, ರೆಕ್ಕೆ ಬಿಚ್ತು. ಆಮೇಕೆ?" ಎನ್ನುತ್ತಿದ್ದಳು. ಕುಕ್ಕುವ ಜಾಗ ಬಂದಾಗ ಹಿಂದಿನ ಸೀಟಿನ ಯಜಮಾನರೊಬ್ಬರು ಕೇಳದೆಯೇ ತೀರ್ಪು ಕೊಟ್ಟರು.

"ಅದೇ ಕಣವ್ವ ಪ್ರಾಣಿಗೂ ಮನ್ಸನಿಗೂ ಯತ್ಯಾಸ. ಪ್ರಾಣಿ ಎತ್ತಿದ್ದ ಮರೀತದೆ. ಮನ್ಸ ಮರಿಯಲ್ಲ."

ಅಮ್ಮ ಹೌದೆಂದು ತಲೆ ಆಡಿಸಿದಳು. ಉಪ್ಪಿಟ್ಟಿನ ಜಾಗಕ್ಕೆ ಬಂದಾಗ ಮಾತ್ರ ರೇಗಿದಳು.

"ಮೂವತ್ತು ವರ್ಸದ ಗಂಡ್ಸು ಉಪ್ ಎಷ್ಟು ಅಂತ ಕೇಳ್ತಾನಾ? ಅವರಮ್ಮಂದೇ ತಪ್ಪು ಬುಡು. ಕಲ್ಸಿಲ್ಲ."

"ಕವಿತೇನೂ ಅದನ್ನೇ ಹೇಳೋದು ಅಮ್ಮ."

"ನಾನ್ ಒಂದೇ ಸಾಲ್ನಲ್ಲಿ ಯೋಳ್ದೆ. ಅವನ್ಯಾಕೆ ಎಲ್ಡು ಪುಟ ಬರ್ದ?" ಎಂದು ಸೀಟಿ ಊದಿ, "ರೈಟ್!" ಎಂದಳು.

ನನ್ನ ಮಡಿಲಲ್ಲಿ ಅವಳು ಕತ್ತಲಲ್ಲೇ ಎದ್ದು ತುಂಬಿಸಿದ ಟಿಫನ್ ಬಾಕ್ಸ್ ಇತ್ತು. ಒಳಗೆ ಉಪ್ಪಿಟ್ಟು. ನನಗೆ ಇಪ್ಪತ್ಮೂರು. ಉಪ್ಪು ಎಷ್ಟು ಹಾಕಬೇಕೆಂದು ನನಗೂ ಗೊತ್ತಿರಲಿಲ್ಲ. ಆ ಗಂಡಸನ್ನು ಬೈದವಳಿಗೆ ಅದು ಹೊಳೆಯಲಿಲ್ಲ, ನಾನೂ ನೆನಪಿಸಲಿಲ್ಲ.

ಆ ವಾರವೇ ಡಿಪೋದಲ್ಲಿ ಅಮ್ಮನನ್ನು ಕರೆದು ಹೇಳಿದರು. ಬಡ್ತಿ ಬಂದಿತ್ತು. ಕಂಡಕ್ಟರಿನಿಂದ ಕಂಟ್ರೋಲರ್, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ಬಂದದ್ದು ಹೋದದ್ದು ನೋಡಿಕೊಳ್ಳುವುದು, ಮೈಕಿನಲ್ಲಿ ಕೂಗುವುದು. ಹೊತ್ತು ಮೂಡುವ ಮೊದಲೇ ಪಾಳಿ ಶುರುವಾಗುವುದರಿಂದ ದಿನಾ ಹೋಗಿ ಬರುವ ಮಾತಿಲ್ಲ, ಅಲ್ಲೇ ಒಂದು ರೂಮು ಮಾಡಿಕೊಳ್ಳಬೇಕು. ಬೇಕೋ ಬೇಡವೋ ಎಂದು ತಿಂಗಳು ಮುಗಿಯುವುದರೊಳಗೆ ತಿಳಿಸಬೇಕು. ನಾನು ಪಿಯುಸಿಯಲ್ಲಿದ್ದಾಗಲೂ ಒಮ್ಮೆ ಬಡ್ತಿ ಬಂದಿತ್ತು. ಆಗ ಅಮ್ಮ ಬೇಡ ಎಂದು ಬರೆದುಕೊಟ್ಟು ಬಂದು, ರಾತ್ರಿ ಒಬ್ಬಟ್ಟು ಮಾಡಿದ್ದಳು. ಯಾಕೆ ಒಬ್ಬಟ್ಟು ಎಂದು ಕೇಳಿದ್ದಕ್ಕೆ "ಬೇಳೆ ಇತ್ತು" ಎಂದಿದ್ದಳು.

ಈ ಸಲವೂ ಬೇಡ ಎಂದರೆ ಮತ್ತೆ ಕೇಳುವುದಿಲ್ಲ ಎಂದು ಜೊತೆಯ ಡ್ರೈವರ್ ಅಣ್ಣ ಹೇಳಿದರಂತೆ. "ಕೇಳ್ದಿದ್ರೆ ಬುಡ್ಲಿ" ಎಂದಳು ಅಮ್ಮ. "ನನ್ಗೇನು, ಟಿಕೆಟ್ ಕೊಟ್ಕಂಡು ಓಡಾಡ್ಕಂಡು ಚೆನ್ನಾಗೇ ಇವ್ನಿ."

ಇಲ್ಲಿ ಹೇಂಟೆ ಬರುತ್ತದೆ.

ಅದು ಎದುರುಮನೆಯ ಅಜ್ಜಿಯ ತವರು ಕಟ್ಟಾಯದಿಂದ ಬಂದದ್ದು. ಅಮ್ಮನೇ ಅದನ್ನು ಕಾವಿಗೆ ಕೂರಿಸಿದ್ದಳು. ಮಂಕರಿಯಲ್ಲಿ, ಅಂದರೆ ಬಿದಿರಿನ ದೊಡ್ಡ ಬುಟ್ಟಿಯಲ್ಲಿ, ಹೊಟ್ಟು ಹಾಸಿ ಮೊಟ್ಟೆ ಇಟ್ಟು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಇಟ್ಟಿದ್ದಳು. ಮೊಳೆಗೂ ಗುಡುಗಿಗೂ ಏನು ಸಂಬಂಧ ಎಂದು ನಾನು ಕೇಳಿದ್ದೆ. "ಮೊಳೆ ಇಡ್ದೆ ಕೆಟ್ರೆ ನೀನ್ ಮರಿ ಮಾಡ್ಕೊಡ್ತೀಯಾ?" ಎಂದಿದ್ದಳು. ಹುಟ್ಟಿದ ಮರಿಗಳಲ್ಲಿ ಒಂದನ್ನು ಹದ್ದು ಎತ್ತಿಕೊಂಡು ಹೋಯಿತು, ಉಳಿದ ಮರಿಗಳೆಲ್ಲ ಪಾರಿವಾಳದ ಗಾತ್ರಕ್ಕೆ ಬಂದಿದ್ದವು.

ಒಂದು ಭಾನುವಾರ, ಅಮ್ಮನ ರಜೆಯ ದಿನ, ಹೇಂಟೆ ಕುಕ್ಕಲು ಶುರು ಮಾಡಿತು. ಅಕ್ಕಿ ನುಚ್ಚಿಗೆ ಮರಿಗಳು ಓಡಿ ಬಂದವು, ಮೊದಲು ಬಂದದ್ದಕ್ಕೆ ಏಟು ಬಿತ್ತು. ಎರಡನೆಯದಕ್ಕೂ ಬಿತ್ತು. ಹತ್ತಿರ ಬಂದದ್ದಕ್ಕೆಲ್ಲ ಬಿತ್ತು. ಅಮ್ಮ ಪೊರಕೆ ಹಿಡಿದು ನಿಂತಳು. ಗದ್ದಲ ಕೇಳಿ ಅಜ್ಜಿ ಬಂತು.

"ಯಾಟೆಗೆ ಉಚ್ಚಿಡ್ದೈತೆ ಕಣವ್ವ. ಯಾರ್ದೋ ಕಣ್ಣು ಬಿದ್ದೈತೆ. ಮೆಣಸಿನ್ಕಾಯಿ ನೀವಾಳ್ಸು."

"ಅಜ್ಜಿ, ಹುಚ್ಚು ಹಿಡಿದಿದ್ರೆ ನಿಮ್ಮನ್ನೂ ಕುಕ್ಬೇಕಿತ್ತು. ಅಲ್ಲೇ ನಿಂತಿದ್ದೀರಲ್ಲ" ಎಂದೆ.

"ಸುಮ್ಕಿರು ಲಾಯರಮ್ಮ. ಕೋಳಿಗೂ ಕೋರ್ಟ್ ಮಾಡ್ತಾಳೆ" ಎಂದಿತು ಅಜ್ಜಿ.

ಮೆಣಸಿನಕಾಯಿ ನೀವಾಳಿಸಿದ್ದಾಯಿತು. ಹೇಂಟೆ ಒಮ್ಮೆ ಸೀನಿ ಮತ್ತೆ ಕುಕ್ಕಿತು. ಆಗ ಅಮ್ಮ ತನ್ನದೇ ಒಂದು ಉಪಾಯ ಹೂಡಿದಳು. ನಮ್ಮ ನೆಂಟರಲ್ಲಿ ಯಾರಾದರೂ ಮುನಿಸಿಕೊಂಡರೆ ಅವರನ್ನು ಒಂದು ಊಟಕ್ಕೆ ಕರೆದು, ಏನೂ ಗೊತ್ತಿಲ್ಲದವರ ಹಾಗೆ ಅಕ್ಕಪಕ್ಕದ ಎಲೆಗೆ ಕೂರಿಸಿಬಿಡುತ್ತಾರೆ. ಪಕ್ಕದವನಿಗೆ ತುಪ್ಪ ಹಾಕಲಿಲ್ಲ ನೋಡಿ ಎಂದು ಹೇಳಲಾದರೂ ಬಾಯಿ ಬಿಡಲೇಬೇಕು. ಈ ಕೆಲಸದಲ್ಲಿ ಅಮ್ಮ ಪಳಗಿದ ಕೈ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಹಾಗೆ ಕೂರಿಸಿ ಮಾತಾಡಿಸಿದ ಹೆಸರು ಅವಳಿಗಿದೆ.

"ಒಂದೇ ಮಂಕ್ರಿ ಒಳಿಕ್ ಆಕ್ಬುಡನ. ಒಟ್ಗೆ ತಿಂದ್ರೆ ಸರಿ ಓಯ್ತವೆ" ಎಂದಳು.

ಅಜ್ಜಿಯೂ "ಅಂಗೇ ಮಾಡು" ಎಂದಿತು. ಹೇಂಟೆಯನ್ನು ಹಿಡಿದು, ಮರಿಗಳನ್ನು ಹಿಡಿದು, ಒಳಗೆ ನುಚ್ಚು ಚೆಲ್ಲಿ, ಮಂಕರಿ ಕವುಚಿ, ಮೇಲೆ ಕಲ್ಲು ಹೇರಿದರು. ಒಳಗೆ ಒಂದು ನಿಮಿಷ ಸದ್ದಿಲ್ಲ. "ನೋಡ್ದಾ?" ಎನ್ನುವಂತೆ ಅಮ್ಮ ನನ್ನ ಕಡೆ ನೋಡಿದಳು. ಆಮೇಲೆ ಮಂಕರಿಯೇ ಕುಣಿಯತೊಡಗಿತು. ಕಲ್ಲು ತೆಗೆದು ಎತ್ತುವಷ್ಟರಲ್ಲಿ ಒಂದು ಮರಿಯ ನೆತ್ತಿ ಬೋಳಾಗಿ ರಕ್ತ ಬಂದಿತ್ತು. ಹೊರಗಿದ್ದಾಗ ಎರಡು ಮಾರು ಓಡುತ್ತಿದ್ದ ಮರಿಗಳಿಗೆ ಒಳಗೆ ಓಡಲು ಜಾಗವಿರಲಿಲ್ಲ.

ಅಮ್ಮ ಆ ಮರಿಯನ್ನು ಸೆರಗಿನಲ್ಲಿ ಹಿಡಿದು ಅರಿಶಿನ ಹಚ್ಚುತ್ತಾ, ಹೇಂಟೆಗೆ ಬೈದಳು. "ಎತ್ತ ಮಕ್ಳಿಗೆ ಇಂಗ್ ಮಾಡ್ತೀಯೇನೇ? ಕಣ್ಣಲ್ ರಕ್ತ ಇಲ್ವೇನೇ ನಿಂಗೆ?" ಅವಳ ಕಣ್ಣಲ್ಲಿ ನೀರಿತ್ತು. ಹೇಂಟೆ ಕಾಂಪೌಂಡ್ ಹತ್ತಿ ನಿಂತು, ಮೈ ಕೊಡವಿ, ಒಂದು ಸಲ ಕೂಗಿತು. ಬಿಸಿಲು ಅದರ ತಲೆಯ ಮೇಲೆ ಬಿದ್ದಿತ್ತು.

ಜುಟ್ಟು ಕೆಂಪಾಗಿತ್ತು.

ಕಾವಿಗೆ ಕೂತಾಗ, ಮರಿಗಳ ಹಿಂದೆ ಅಲೆಯುವಾಗ ಆ ಜುಟ್ಟು ಬಣ್ಣ ಹೋದ ಇಟ್ಟಿಗೆಯ ಹಾಗಿತ್ತು. ದಿನಾ ನೋಡುತ್ತಿದ್ದೆ, ನೋಡಿದ್ದೇನೆ ಎಂದು ಗೊತ್ತಿರಲಿಲ್ಲ. ಈಗ ಅದು ದಾಸವಾಳದಂತೆ ಇತ್ತು. ನಾನು ಒಳಗೆ ಹೋಗಿ ಜೆರಾಕ್ಸ್ ತೆಗೆದು "ಭರ್ತಿಗೆ" ಎಂಬುದನ್ನು ರಬ್ಬರಿನಿಂದ ಅಳಿಸಿದೆ. ಮೂರು ದಿನ ಬಿಟ್ಟು ಹಿತ್ತಲಿನ ಗೋಣಿಚೀಲದ ಮೂಲೆಯಲ್ಲಿ ಬೆಚ್ಚಗಿನ ಮೊಟ್ಟೆಯೊಂದು ಸಿಕ್ಕಿತು. ಮತ್ತೆ ಮೊಟ್ಟೆಗೆ ಬರುವ ಕೋಳಿಗೆ ಜುಟ್ಟು ಹೀಗೆ ಕೆಂಪೇರುತ್ತದೆ.

ಹೇಂಟೆ ಮರಿಗಳ ಒಳ್ಳೆಯದಕ್ಕೆಂದು ಕುಕ್ಕಲಿಲ್ಲ. ಅದೇನು ಪಾಠ ಹೇಳಲು ಹೊರಟಿರಲಿಲ್ಲ. ಹೆತ್ತದ್ದನ್ನು ಮರೆತೂ ಇರಲಿಲ್ಲ. ಅದಕ್ಕೆ ಅದರ ಬದುಕು ಮತ್ತೆ ಶುರುವಾಗಿತ್ತು, ಅಷ್ಟೆ. ಬಸ್ಸಿನ ಯಜಮಾನರು, ಅಜ್ಜಿ, ಅಮ್ಮ, ನಾನು, ಎಲ್ಲರೂ ಮರಿಯ ಕಡೆಯಿಂದಲೇ ನೋಡುತ್ತಿದ್ದೆವು. ಕವಿತೆಯಲ್ಲಿ ಆ ಒಂದು ಸಾಲು ಮಾತ್ರ ಹೇಂಟೆಯ ಕಡೆ ನಿಂತು ಬರೆದದ್ದು.

ಹಾಗೆ ನೋಡಿದರೆ ಮನುಷ್ಯರಿಗೆ ಆ ಬೆಳಗ್ಗೆ ಬರುವುದಿಲ್ಲ ಎಂದು ಕವಿ ಹೇಳುವುದು ಹೆಣ್ಣುಮಕ್ಕಳ ಮಟ್ಟಿಗೆ ನಿಜವಲ್ಲ. ನನಗೆ ಬಂದಿತ್ತು. ಎಂಟನೇ ಕ್ಲಾಸಿನಲ್ಲಿದ್ದೆ. ಮೂಲೆಯಲ್ಲಿ ಕೂರಿಸಿ, ಹೂ ಮುಡಿಸಿ, ಆರತಿ ಎತ್ತಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿ, ನಾನು ದೊಡ್ಡವಳಾದೆನೆಂದು ಬೀದಿಗೆಲ್ಲ ತಿಳಿಸಿದರು. ಚಿಗಳಿ ಬಹಳ ರುಚಿಯಾಗಿತ್ತು, ಸುಳ್ಳು ಹೇಳಬಾರದು. ಆದರೆ ಮಾರನೆಯ ದಿನದಿಂದ ಸೈಕಲ್ ಇಲ್ಲ, ಹೊಳೆಯ ಕಡೆ ಹೋಗುವಂತಿಲ್ಲ, ಕತ್ತಲಾದ ಮೇಲೆ ಹೊಸಿಲು ದಾಟುವಂತಿಲ್ಲ. ಕೋಳಿಮರಿ ದೊಡ್ಡದಾದರೆ ಮಂಕರಿ ಎತ್ತುತ್ತಾರೆ. ನಮ್ಮಲ್ಲಿ ದೊಡ್ಡವಳಾದ ದಿನವೇ ಮಂಕರಿ ಕವುಚುತ್ತಾರೆ. ಮತ್ತೆ, ಅದರ ಒಳಗೆ ಮಗಳ ಜೊತೆ ತಾಯಿಯನ್ನೂ ಹಾಕಿ ಮೇಲೆ ಕಲ್ಲು ಇಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ಈಗ.

ಅಮ್ಮನ ಜುಟ್ಟು ಕೆಂಪಾಗಿದೆ ಎಂಬುದಕ್ಕೆ ಸಾಕ್ಷಿ ಇದೆ. ಬಡ್ತಿ ಬೇಡ ಎಂದವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಮೈಕಿನ ದನಿ ತೆಗೆಯುತ್ತಾಳೆ. "ಪ್ರಯಾಣಿಕರ ಗಮನಕ್ಕೆ. ಹಾಸನಕ್ಕೆ ಹೋಗುವ ವಾಹನ ಹೊರಡಲು ಸಿದ್ಧವಾಗಿದೆ. ಬಚ್ಚಲಲ್ಲಿರುವ ಪ್ರಯಾಣಿಕರು ಬೇಗ ಬರಬೇಕು." ಮನೆಯಲ್ಲಿ "ಓಗು", "ಆಕು" ಎನ್ನುವ ಬಾಯಿಂದ ಆಗ ಹಕಾರ ಒಂದೂ ತಪ್ಪುವುದಿಲ್ಲ. ಇದನ್ನು ಅವಳು ತಮಾಷೆಗೆ ಎನ್ನುತ್ತಾಳೆ. ತಮಾಷೆಗೆ ಯಾರೂ ಶ್ರವಣಬೆಳಗೊಳದ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆಂದು ವಿಚಾರಿಸಿಕೊಂಡು ಬಂದಿರುವುದಿಲ್ಲ.

"ಅಮ್ಮಾ, ಒಪ್ಕೊ. ಚನ್ನರಾಯಪಟ್ಟಣಕ್ಕೆ ಹೋಗು" ಎಂದೆ.

"ನಿಂಗ್ ಅನ್ನ ಯಾರ್ ಬೇಯಿಸ್ ಆಕ್ತಾರೆ?"

"ನಾನೇ ಬೇಯಿಸ್ಕೋತೀನಿ."

ಅಮ್ಮ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎದುರುಮನೆಗೆ ಕೇಳುವಂತೆ, "ಅಜ್ಜೀ, ನಮ್ಮುಡ್ಗಿ ಮುದ್ದೆ ತೊಳಸ್ತಾಳಂತೆ ಬಾ" ಎಂದಳು.

ತೊಳಸಿದೆ. ಎಸರು ಕುದಿಯಲಿಟ್ಟು, ಹಿಟ್ಟು ಹಾಕಿ, ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು, ಕೋಲಿನಿಂದ ತಿರುವಿ, ಬೆವರು ಸುರಿಸಿ, ಉಂಡೆ ಕಟ್ಟಿ ತಟ್ಟೆಗೆ ಇಟ್ಟೆ. ಅಮ್ಮ ಮುರಿದಳು. ಒಳಗೆ ಒಣಹಿಟ್ಟಿನ ಗಂಟುಗಳು, ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ. ಅಜ್ಜಿ ಒಂದನ್ನು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಕಾವಿಗ್ ಕೂರ್ಸು, ಮರಿ ಆಯ್ತದೆ" ಎಂದಿತು. ಅಮ್ಮ ಗಂಟುಸಮೇತ ಪೂರ್ತಿ ನುಂಗಿ, ಸಾರು ಕುಡಿದು, "ಚೆನ್ನಾಗೈತೆ" ಎಂದಳು.

"ಸುಳ್ಳು ಸಾಕ್ಷಿ ಹೇಳ್ಬೇಡ."

"ಸುಳ್ಳಲ್ಲ ಕಣೆ. ಒಟ್ಟೆಗೆ ಓಯ್ತು."

ಅಜ್ಜಿಯ ತಕರಾರು ಮುದ್ದೆಯದಲ್ಲ. "ದೊಡ್ಡೆಣ್ಣು ಮಗ. ಒಬ್ಳನ್ನೇ ಬುಟ್ಬುಟ್ ಓದ್ರೆ ಜನ ಏನಂತಾರೆ?" ದೊಡ್ಡವಳಾದ್ದರಿಂದಲೇ ಒಬ್ಬಳೇ ಇರಬಹುದು ಎಂದು ನಾನು. ದೊಡ್ಡವಳಾದ್ದರಿಂದಲೇ ಇರುವ ಹಾಗಿಲ್ಲ ಎಂದು ಅಜ್ಜಿ. ಒಂದೇ ಆಧಾರ, ಎರಡು ತೀರ್ಪು. ಚರ್ಚಾಸ್ಪರ್ಧೆ ಆಗಿದ್ದರೆ ಗಂಟೆ ಹೊಡೆದು ಕೂರಿಸುತ್ತಿದ್ದರು. ಅಜ್ಜಿ ಹೋದ ಮೇಲೆ ಅಮ್ಮ ನನ್ನ ಕೈಗೆ ಅಂಟಿದ್ದ ಹಿಟ್ಟನ್ನು ತನ್ನ ಉಗುರಿನಿಂದ ಕೆರೆದು ತೆಗೆಯುತ್ತಾ ಹೇಳಿದಳು.

"ಕೋಳಿಗೆ ಕೊಕ್ಕೈತೆ, ಕುಕ್ತು. ನಂಗ್ ಕುಕ್ಕಾಕ್ ಬರಲ್ಲ ಕಣ್ಮಗ. ನೀನೇ ಕುಕ್ಕುಸ್ಕಂಡೋಳಂಗೆ ಇದ್ಬುಡು, ಆಗ ಬೇಕಾದ್ರೆ ನೋಡನ."

ಇಷ್ಟು ವರ್ಷದಲ್ಲಿ ನನ್ನ ಎದುರಾಳಿಗಳು ಆಡಿದ ಮಾತುಗಳಲ್ಲಿ ನನ್ನ ಹತ್ತಿರ ಉತ್ತರವಿಲ್ಲದ ಮಾತು ಇದೊಂದೇ. ಕವಿತೆಯ ಹತ್ತಿರವೂ ಇಲ್ಲ. ಅಲ್ಲಿನ ಗಂಡಸು ನೆತ್ತಿ ಬಗ್ಗಿಸಿ ಏಟಿಗಾಗಿ ಕಾಯುತ್ತಾನೆ. ಅಮ್ಮ ಕುಕ್ಕಲಾರಳು ಎಂದಾದರೆ ಮರಿ ಏನು ಮಾಡಬೇಕು? ತಾನೇ ಎರಡು ಮಾರು ಓಡಿ ನಿಲ್ಲಬಹುದಲ್ಲ? ಅವತ್ತಿನಿಂದ ಬೆಳಗಿನ ಟಿಫನ್ ನಾನೇ ಮಾಡುತ್ತಿದ್ದೇನೆ. ಉಪ್ಪು ಎಷ್ಟೆಂದು ಕೇಳುವುದಿಲ್ಲ. ಒಂದು ದಿನ ಸಪ್ಪೆ, ಒಂದು ದಿನ ಕಡಲು. ಅಮ್ಮನ ಡಬ್ಬಿಗೂ ಅದನ್ನೇ ತುಂಬುತ್ತೇನೆ. ಡ್ರೈವರ್ ಅಣ್ಣನೂ ಅದರಲ್ಲಿ ಪಾಲು ತಗೊಂಡು, "ಏನವ್ವಾ, ಮಗಳು ಅರಬ್ಬೀ ಸಮುದ್ರಕ್ಕೆ ಓಗಿದ್ಲಾ?" ಎಂದರಂತೆ.

ನಿನ್ನೆ, ಶನಿವಾರ, ಹಾಸನದಲ್ಲಿ ಆ ಸಭೆ. ಮೂವತ್ತು ಕುರ್ಚಿ ಹಾಕಿದ್ದರು, ಅರ್ಧ ತುಂಬಿತ್ತು. ಕವಿ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಕೂತಿದ್ದ. ನಾನು ಮೈಕ್ ಹಿಡಿದು ಎದ್ದು ನಿಂತಾಗ ಹಿಂದಿನ ಬಾಗಿಲಲ್ಲಿ ಖಾಕಿ ಕಂಡಿತು. ಅಮ್ಮ. ಎರಡು ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ, ಹೆಗಲಿನ ಚೀಲ, ಟಿಕೆಟ್ ಮಿಷಿನ್ ಸಮೇತ ಬಂದಿದ್ದಳು. ನನ್ನ ಮಾತು ಕೇಳಲು ಅವಳು ಬಂದದ್ದು ಅದೇ ಮೊದಲು. ಅವಳ ಕೈಗೆ ಯಾವಾಗಲೂ ಲೋಟ ಮಾತ್ರ ಬರುತ್ತಿತ್ತು.

ಕೋಗಿಲೆಯ ವಾದವನ್ನು ಬಿಡಲಿಲ್ಲ, ಅದನ್ನು ಹೇಳಿಯೇ ಶುರು ಮಾಡಿದೆ. ಕೊನೆಯ ಭಾಗದ ಗಂಡಸು ತನ್ನ ಬಗ್ಗೆ ತಾನೇ ಮರುಗುವುದು ಹೆಚ್ಚಾಯಿತು, ಆ ಉಪ್ಪಿಟ್ಟು ಇನ್ನೂ ಬೇಗ ತಳ ಹತ್ತಬೇಕಿತ್ತು ಎಂದೂ ಹೇಳಿದೆ. ಕವಿ ನಕ್ಕ. ಆಮೇಲೆ ಜುಟ್ಟಿನ ಸಾಲಿಗೆ ಬಂದೆ. ಈ ಕವಿತೆಯನ್ನು ನಾವೆಲ್ಲ ಮಕ್ಕಳು ಯಾವಾಗ ದೊಡ್ಡವರಾಗುತ್ತಾರೆ ಎಂಬ ಪ್ರಶ್ನೆಯಾಗಿ ಓದುತ್ತೇವೆ. ಆ ಒಂದು ಸಾಲಿನಿಂದ ಇದು ತಾಯಿಗೆ ದೊಡ್ಡವಳಾಗಲು ಯಾವಾಗ ಬಿಡುತ್ತೀರಿ ಎಂದು ಕೇಳುತ್ತದೆ ಎಂದೆ. ಹೆತ್ತು ಸಾಕಿ ಮುಗಿದ ಮೇಲೂ ಒಂದು ಜೀವಕ್ಕೆ ಬೆಳೆಯುವುದು ಬಾಕಿ ಇರುತ್ತದೆ ಎಂದೆ. ಹೇಳುವಾಗ ಹಿಂದಿನ ಬಾಗಿಲನ್ನೇ ನೋಡುತ್ತಿದ್ದೆ. ಕಣ್ಣೊರೆಸಿಕೊಂಡೆ ಎಂದು ಈಗಾಗಲೇ ಮಾತು ಹಬ್ಬಿದೆಯಂತೆ. ಒರೆಸಿದ್ದು ಕನ್ನಡಕ.

ಹಿರಿಯರೊಬ್ಬರು ಎದ್ದು ಇದು ತಾಯ್ತನಕ್ಕೆ ಅಪಚಾರ ಎಂದರು. ಅವರಿಗೆ ಉತ್ತರಿಸಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಖಾಕಿ ಇರಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಯಾವ ಮಾತಿನ ತನಕ ನಿಂತಿದ್ದಳೋ ನನಗೆ ಗೊತ್ತಿಲ್ಲ.

ಕಾಫಿಯ ಹೊತ್ತಿಗೆ ಕವಿಯನ್ನು ಹಿಡಿದು ಆ ಸಾಲು ಹೇಗೆ ಬಂತೆಂದು ಕೇಳಿದೆ.

"ಅದನ್ನ ತೆಗೆದ್ಬಿಡಿ ಅಂತ ಓದಿದೋರೆಲ್ಲ ಹೇಳಿದ್ರು ಮೇಡಂ" ಎಂದ. "ನಮ್ಮನೆ ಕೋಳೀದು ನಿಜವಾಗ್ಲೂ ಕೆಂಪಗಿತ್ತು. ಅದಕ್ಕೆ ಬಿಟ್ಟೆ. ನೀವು ಹೇಳಿದ್ದೆಲ್ಲ ನಂಗೆ ಹೊಳೆದೇ ಇರ್ಲಿಲ್ಲ."

ಹೊಳೆದಿತ್ತು ಎಂದು ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಆ ಹುಡುಗನ ಮೇಲೆ ನನಗೆ ಗೌರವ ಬಂದದ್ದು ಅಲ್ಲಿ. ಅರ್ಥ ಗೊತ್ತಿಲ್ಲದಿದ್ದರೂ ಕಂಡದ್ದನ್ನು ಕಂಡ ಹಾಗೆ ಉಳಿಸಿಕೊಳ್ಳುವುದಕ್ಕೆ ವಾದಕ್ಕಿಂತ ಹೆಚ್ಚಿನ ಧೈರ್ಯ ಬೇಕೇನೋ. ಅವನ ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. "ಉಪ್ಪು ಎಷ್ಟು ಅಂತ ಈಗ ಅವರೇ ಫೋನ್ ಮಾಡ್ತಾರೆ, ಮರೆತೋಗ್ತದಂತೆ" ಎಂದು ನಕ್ಕ.

ಸಂಜೆ ಅಮ್ಮನ ಬಸ್ಸೇ ಸಿಕ್ಕಿತು. ಅವಳು ಎಲ್ಲರಿಗೂ ಟಿಕೆಟ್ ಕೊಟ್ಟು ಕೊನೆಗೆ ನನ್ನ ಹತ್ತಿರ ಬಂದು ನಿಂತಳು.

"ಆಧಾರ್ ತೋರ್ಸಮ್ಮ."

ತೋರಿಸಿದೆ. ಮಿಷಿನ್ನಿನಿಂದ ಟಿಕೆಟ್ ಹರಿದು ಕೊಟ್ಟಳು. ಮುಂದಿನ ಸೀಟಿನ ಕಡೆ ಹೊರಟವಳು ತಿರುಗಿ ಹೇಳಿದಳು.

"ನೀನ್ ಮೈಕ್ ಬಾಯಿಗ್ ಆನಿಸ್ಕಂಡಿದ್ದೆ. ಬುಸ್ ಬುಸ್ ಅಂತಿತ್ತು. ಒಂದ್ ಗೇಣು ದೂರ ಇಟ್ಕಬೇಕು ಕಣೆ, ಆಗ ಮಾತು ನೆಟ್ಟಗ್ ಕೇಳ್ತದೆ."

ನಾಳೆ ಸೋಮವಾರ, ತಿಂಗಳ ಕೊನೆಯ ದಿನ. ಡಿಪೋಗೆ ಉತ್ತರ ಹೇಳಬೇಕು. ಅಮ್ಮ ಏನು ಹೇಳುತ್ತಾಳೋ ನನಗೆ ತಿಳಿದಿಲ್ಲ. ಕೇಳಿದರೆ "ನೋಡನ" ಎನ್ನುತ್ತಾಳೆ. ಕಡಲೆಬೇಳೆಯ ಡಬ್ಬಿ ತೆಗೆದು ನೋಡಿದೆ, ಬೇಳೆ ಇದೆ. ಒಬ್ಬಟ್ಟಿಗೆ ಸಾಲುವಷ್ಟಿದೆ, ಅದೇ ಭಯ. ಹಿತ್ತಲಲ್ಲಿ ನೆತ್ತಿ ಬೋಳಾದ ಮರಿ ತಾನೇ ಕೆದಕುತ್ತಿದೆ, ಅದರಿಂದ ಎರಡು ಮಾರು ದೂರದಲ್ಲಿ ಹೇಂಟೆ ಕೆದಕುತ್ತಿದೆ. ಮಂಕರಿ ಬಾಯಿ ಮೇಲಾಗಿ ಬಿದ್ದಿದೆ, ಅದರಲ್ಲಿ ಅಜ್ಜಿ ಸೊಪ್ಪು ಹಾಕಿ ಹೋಗಿದೆ. ಅಮ್ಮ ಬಚ್ಚಲಕಲ್ಲಿನ ಮುಂದೆ ಕೂತು ನನ್ನ ಸ್ಟೀಲ್ ಲೋಟಗಳನ್ನು ಒಂದೊಂದಾಗಿ ಬೆಳಗುತ್ತಿದ್ದಾಳೆ. ಇವತ್ತು ಅವಳು ಯಾವ ಬಸ್ಸನ್ನೂ ಕೂಗಿಲ್ಲ. ಹತ್ತಿರ ಹೋಗದೆ ಹೊಸಿಲಲ್ಲೇ ನಿಂತು ಕೇಳಿದೆ.

"ಅಮ್ಮಾ, ಚನ್ನರಾಯಪಟ್ಟಣದಲ್ಲಿ ಮೊದಲ್ನೇ ದಿನ ಮೈಕ್ ಹಿಡ್ಕೊಂಡಾಗ, ಮೊದಲು ಯಾವೂರ ಬಸ್ ಕೂಗ್ತೀಯ?"